ಕಿಮೋ ಆದ ಹತ್ತನೇ ರಾತ್ರಿ: ತುಮಕೂರು ಜಿಲ್ಲೆಯ ಆರೋಗ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ, ನಮ್ಮ ಹತ್ತೂ ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳ ವೈದ್ಯರಿಗೆ, ಮನೆಯಲ್ಲಿ ಕ್ಯಾನ್ಸರ್ ರೋಗಿ ಇರುವ ನಮ್ಮ ಜಿಲ್ಲೆಯ ಎಲ್ಲರಿಗೂ,

ನಮಸ್ಕಾರ.

ನನ್ನ ಹತ್ತಿರ ಅಪ್ಪನ ಹಾಲಿನ ಡೇರಿ ಪಾಸ್‌ಬುಕ್ ಒಂದಿದೆ. ಮೊದಲ ಪುಟಗಳಲ್ಲಿ ಎಲ್ಲರ ಪಾಸ್‌ಬುಕ್ಕಿನಲ್ಲಿ ಇರುವ ಹಾಗೆಯೇ ತಾರೀಕು, ಲೀಟರು, ಫ್ಯಾಟು, ಡಿಗ್ರಿ. ಕಾಯಿಲೆ ಬಂದ ಮೇಲೆ ಹಸು ಮಾರಿದೆವು. ಉಳಿದ ಖಾಲಿ ಪುಟಗಳಲ್ಲಿ ಅಪ್ಪ ತಮ್ಮ ಜ್ವರ ಬರೆದುಕೊಂಡಿದ್ದಾರೆ. ಅದನ್ನೂ 'ಡಿಗ್ರಿ' ಅನ್ನುವ ಕಾಲಮ್ಮಿನ ಕೆಳಗೇ ಬರೆದಿದ್ದಾರೆ. 98.2. 98.6. 98.4. ಹೀಗೆ ಒಂಬತ್ತು ದಿನ. ಹತ್ತನೇ ದಿನದ ಸಾಲಿನಲ್ಲಿ 101.4 ಅಂತಿದೆ. ಪಕ್ಕದಲ್ಲಿ 'ರಾತ್ರಿ 9.40'.

ಈ ಪತ್ರ ಆ ಒಂದು ಸಾಲಿನ ಬಗ್ಗೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವವಳು. ನಮ್ಮದು ಜಿಲ್ಲೆಯ ಉತ್ತರ ಭಾಗದ ಒಂದು ಹಳ್ಳಿ. ಕಡಲೆಕಾಯಿ, ರಾಗಿ, ಎರಡು ಹಸು, ಇಷ್ಟರಲ್ಲೇ ನಮ್ಮನ್ನೆಲ್ಲ ಓದಿಸಿದರು ಅಪ್ಪ. ಬೀಡಿ ಸೇದುತ್ತಿದ್ದರು, ಅದನ್ನು ಮುಚ್ಚಿಡುವುದಿಲ್ಲ. ಒಂದು ವರ್ಷ ದೀಪಾವಳಿ ಹೊತ್ತಿಗೆ ಹಿಡಿದ ಕೆಮ್ಮು ಸಂಕ್ರಾಂತಿ ಕಳೆದರೂ ಬಿಡಲಿಲ್ಲ. ಎಕ್ಸ್‌ರೇ ನೋಡಿ ಟಿಬಿ ಇರಬಹುದು ಅಂದರು. ಕಫ ಪರೀಕ್ಷೆಯಲ್ಲಿ ಟಿಬಿ ಕಾಣಲಿಲ್ಲ. ಆದರೂ ಮೂರು ತಿಂಗಳು ಟಿಬಿ ಮಾತ್ರೆ ನುಂಗಿದರು. ತೂಕ ಇಳಿಯುತ್ತಲೇ ಹೋಯಿತು. ಕಫದಲ್ಲಿ ರಕ್ತ ಬಂದ ದಿನ ನಾವೇ ಹಟ ಮಾಡಿ ಸಿ.ಟಿ. ಸ್ಕ್ಯಾನ್ ಮಾಡಿಸಿದೆವು. ಆಮೇಲೆ ಬಯಾಪ್ಸಿ. ಶ್ವಾಸಕೋಶದ ಕ್ಯಾನ್ಸರ್, ಸ್ಕ್ವೇಮಸ್ ಜಾತಿಯದು, ನಾಲ್ಕನೇ ಹಂತ. ಲಿವರ್‌ಗೂ ಹೋಗಿತ್ತು.

ಟಿಬಿ ಅಂದುಕೊಂಡು ಕ್ಯಾನ್ಸರ್ ತಡವಾಗುವುದು ನಮ್ಮ ದೇಶದಲ್ಲಿ ಹೊಸದೇನಲ್ಲ. ಎರಡೂ ಎಕ್ಸ್‌ರೇಯಲ್ಲಿ ಒಂದೇ ಥರ ಕಾಣಬಹುದು. ಅದಕ್ಕೆ ಯಾರನ್ನೂ ಬೈಯುವುದಿಲ್ಲ. ಆದರೆ ಕಫದಲ್ಲಿ ಟಿಬಿ ಸಿಗಲಿಲ್ಲ, ಎರಡು ತಿಂಗಳಾದರೂ ಮಾತ್ರೆ ಕೆಲಸ ಮಾಡಲಿಲ್ಲ, ಮನುಷ್ಯ ಬೀಡಿ ಸೇದುವವನು ಅಂದರೆ ಆಗಲಾದರೂ ಸ್ಕ್ಯಾನ್‌ಗೆ ಕಳಿಸಿ. ಇದು ಪತ್ರದ ಮುಖ್ಯ ವಿಷಯ ಅಲ್ಲ, ಆದರೂ ಬರೆಯದೆ ಇರಲು ಆಗಲಿಲ್ಲ.

ಬೆಂಗಳೂರಿಗೆ ಹೋದೆವು. ಎಲ್ಲರೂ ಹೋಗುವ ಹಾಗೆ ಬೆಳಗಿನ ಮೊದಲ ಬಸ್ಸು. ಕೊರಟಗೆರೆ, ದಾಬಸ್‌ಪೇಟೆ, ನೆಲಮಂಗಲ ದಾಟಿ ಮೆಜೆಸ್ಟಿಕ್, ಅಲ್ಲಿಂದ ಇನ್ನೊಂದು ಸಿಟಿ ಬಸ್ಸು. ಅಲ್ಲಿನ ವೈದ್ಯರು ನಮ್ಮನ್ನು ಕೂರಿಸಿಕೊಂಡು ವಿವರಿಸಿದರು. ಇದು ಪೂರ್ತಿ ವಾಸಿಯಾಗುವ ಹಂತ ಅಲ್ಲ, ಆದರೆ ಚಿಕಿತ್ಸೆ ಇದೆ ಅಂದರು. ಎರಡು ಔಷಧಿ ಸೇರಿಸಿ ಕಿಮೋ ಕೊಡುತ್ತೇವೆ, 21 ದಿನಕ್ಕೊಂದು ಸಲ, ನಾಲ್ಕರಿಂದ ಆರು ಸಲ. ಒಂದು ಕಾರ್ಬೊಪ್ಲಾಟಿನ್, ಇನ್ನೊಂದು ಪ್ಯಾಕ್ಲಿಟ್ಯಾಕ್ಸೆಲ್.

ಅಪ್ಪ ಕೇಳಿದ ಮೊದಲ ಪ್ರಶ್ನೆ, 'ಎರಡು ಯಾಕೆ ಸಾರ್, ಒಂದು ಸಾಲ್ದಾ?'

ಅವರು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಕಾರ್ಬೊಪ್ಲಾಟಿನ್‌ನಲ್ಲಿ ಪ್ಲಾಟಿನಂ ಲೋಹ ಇರುತ್ತದೆ. ಅದು ಜೀವಕೋಶದ ಒಳಗಿನ ಡಿಎನ್‌ಎ ಎಳೆಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ, ನಕಲು ತೆಗೆಯಲು ಬಿಡುವುದಿಲ್ಲ. ಪ್ಯಾಕ್ಲಿಟ್ಯಾಕ್ಸೆಲ್‌ನ ದಾರಿ ಬೇರೆ. ಒಂದು ಕೋಶ ಎರಡಾಗಬೇಕಾದರೆ ಒಳಗೆ ದಾರಗಳಂಥವು ಹುಟ್ಟಿ, ಎಳೆದು, ಮತ್ತೆ ಕರಗಬೇಕು. ಆ ದಾರಗಳು ಕರಗದ ಹಾಗೆ ಇದು ಬಿಗಿದುಬಿಡುತ್ತದೆ. ಒಂದರಿಂದ ತಪ್ಪಿಸಿಕೊಂಡ ಕೋಶ ಇನ್ನೊಂದಕ್ಕೆ ಸಿಗಲಿ ಅಂತ ಎರಡೂ ಸೇರಿಸುವುದು. ಈ ಪ್ಯಾಕ್ಲಿಟ್ಯಾಕ್ಸೆಲ್ ಮೊದಲು ಸಿಕ್ಕಿದ್ದು ಅಮೆರಿಕದ ಯೂ ಅನ್ನುವ ಮರದ ತೊಗಟೆಯಲ್ಲಿ. ಊರಲ್ಲಿ ನಮಗೆ 'ಕಿಮೋ ಬೇಡ, ತೊಗಟೆ ಔಷಧಿ ಕೊಡಿಸಿ' ಅಂತ ಹೇಳಿದವರು ಎಷ್ಟೋ ಜನ. ಅಪ್ಪ ಅವರಿಗೆ ಹೇಳುತ್ತಿದ್ದರು, 'ನಂಗೆ ಕೊಡ್ತಿರೋದೂ ತೊಗಟೆದೇ ಕಣಪ್ಪ, ಅಳತೆ ಗೊತ್ತಿರೋರು ಕೊಡ್ತಿದಾರೆ.'

ಮನೆಗೆ ಬಂದ ಮೇಲೆ ನಾನೂ ಸಿಕ್ಕಿದ್ದನ್ನೆಲ್ಲ ಓದಿದೆ. 1995ರಲ್ಲಿ 52 ಅಧ್ಯಯನಗಳ 9,387 ರೋಗಿಗಳ ಲೆಕ್ಕವನ್ನು ಒಟ್ಟಿಗೆ ಹಾಕಿ ನೋಡಿದ್ದರು. ಮುಂದುವರಿದ ಹಂತದಲ್ಲಿ ಪ್ಲಾಟಿನಂ ಸೇರಿದ ಕಿಮೋ ಪಡೆದವರಲ್ಲಿ, ಕಿಮೋ ಇಲ್ಲದೆ ಬರೀ ಆರೈಕೆ ಪಡೆದವರಿಗಿಂತ, ಒಂದು ವರ್ಷ ದಾಟಿದವರು ನೂರಕ್ಕೆ ಹತ್ತು ಜನ ಜಾಸ್ತಿ. 2004ರಲ್ಲಿ 65 ಅಧ್ಯಯನ, 13,601 ರೋಗಿಗಳ ಇನ್ನೊಂದು ಲೆಕ್ಕ ಬಂತು. ಒಂದೇ ಔಷಧಿ ಕೊಟ್ಟರೆ ಗಡ್ಡೆ ಚೆನ್ನಾಗಿ ಕುಗ್ಗಿದ್ದು ನೂರಕ್ಕೆ 13 ಜನರಲ್ಲಿ, ಎರಡು ಸೇರಿಸಿ ಕೊಟ್ಟರೆ 26 ಜನರಲ್ಲಿ. ವರ್ಷ ದಾಟಿದವರು 30ರಿಂದ 35ಕ್ಕೆ ಏರಿದರು. ಮೂರನೆಯದು ಸೇರಿಸಿದರೆ ಆಯಸ್ಸು ಹೆಚ್ಚಲಿಲ್ಲ, ತೊಂದರೆ ಮಾತ್ರ ಹೆಚ್ಚಿತು. ಅಪ್ಪನ ಪ್ರಶ್ನೆಗೆ ಪೂರ್ತಿ ಉತ್ತರ ಅಲ್ಲಿತ್ತು.

ನೂರಕ್ಕೆ ಐದು, ನೂರಕ್ಕೆ ಹತ್ತು. ಕೆಲವರಿಗೆ ಇದು ಸಣ್ಣದು ಅನ್ನಿಸಬಹುದು. ನಮ್ಮ ಮನೆಯಲ್ಲಿ ಅನ್ನಿಸಲಿಲ್ಲ. ಮೊದಲನೇ ಕಿಮೋ ಆದ ಮೇಲೆ ಅಪ್ಪ ಮಲಗಿಕೊಂಡು ನಿದ್ದೆ ಮಾಡಿದರು. ಅದಕ್ಕೆ ಮುಂಚೆ ಎರಡು ತಿಂಗಳು ಗೋಡೆಗೆ ಒರಗಿ ಕೂತೇ ರಾತ್ರಿ ಕಳೆದಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಆಯಸ್ಸಿನ ಲೆಕ್ಕ ಬೇರೆ, ಈ ನಿದ್ದೆಯ ಲೆಕ್ಕ ಬೇರೆ. ಎರಡೂ ನಮಗೆ ಬೇಕಿತ್ತು.

ಈಗ ಹತ್ತನೇ ದಿನಕ್ಕೆ ಬರುತ್ತೇನೆ.

ಈ ಔಷಧಿಗಳಿಗೆ ಕ್ಯಾನ್ಸರ್ ಯಾವುದು, ನಮ್ಮದು ಯಾವುದು ಅಂತ ಗೊತ್ತಾಗುವುದಿಲ್ಲ. ಬೇಗ ಬೇಗ ಎರಡಾಗುವ ಕೋಶ ಎಲ್ಲಿದ್ದರೂ ಹೊಡೆಯುತ್ತವೆ. ಕೂದಲ ಬುಡ, ಬಾಯಿಯ ಒಳಪೊರೆ, ಮೂಳೆಯ ಮಜ್ಜೆ. ಮಜ್ಜೆಯಲ್ಲಿ ತಾನೇ ರಕ್ತ ತಯಾರಾಗುವುದು? ಹಾಗಾಗಿ ಕಿಮೋ ಆಗಿ 7ರಿಂದ 14ನೇ ದಿನದ ಒಳಗೆ ಬಿಳಿ ರಕ್ತಕಣ ತೀರಾ ಇಳಿಯುತ್ತದೆ. ಆಗ ಸೋಂಕಿನ ಜತೆ ಹೋರಾಡಲು ಮೈಯಲ್ಲಿ ಯಾರೂ ಇರುವುದಿಲ್ಲ. ಕೀವು ಕಟ್ಟುವುದೂ ಬಿಳಿ ಕಣದಿಂದಲೇ, ಆದ್ದರಿಂದ ಕೀವೂ ಕಾಣುವುದಿಲ್ಲ. ಎಷ್ಟೋ ಸಲ ಜ್ವರ ಒಂದೇ ಗುರುತು. ಜ್ವರ 100.4 ಡಿಗ್ರಿ ಮುಟ್ಟಿತು ಅಂದರೆ ಅದು ತುರ್ತು. ಒಂದು ಗಂಟೆಯ ಒಳಗೆ ರಕ್ತನಾಳಕ್ಕೆ ಆ್ಯಂಟಿಬಯಾಟಿಕ್ ಹೋಗಬೇಕು. ಕ್ಯಾನ್ಸರ್ ನೋಡುವ ವೈದ್ಯರೆಲ್ಲ ಪಾಲಿಸುವ ನಿಯಮ ಇದು.

ಬೆಂಗಳೂರಿನಲ್ಲಿ ನಮಗೆ ಇದನ್ನು ಹೇಳಿದ್ದರು. ಥರ್ಮಾಮೀಟರ್ ತಗೊಳ್ಳಿ ಅಂದಿದ್ದರು. ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ 'ಜ್ವರ ಬಂದರೆ ತಕ್ಷಣ ಹತ್ತಿರದ ಆಸ್ಪತ್ರೆ' ಅಂತ ಬರೆದೂ ಕೊಟ್ಟಿದ್ದರು. ನಾವು ಹಾಗೆಯೇ ಮಾಡಿದೆವು.

ಎರಡನೇ ಕಿಮೋ ಆದ ಹತ್ತನೇ ದಿನ, ರಾತ್ರಿ 9.40. ಅಪ್ಪನಿಗೆ ಚಳಿ. ಪಕ್ಕದ ಮನೆಯವರ ಕಾರಿನಲ್ಲಿ ಹತ್ತಿರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅದರ ಹೆಸರು ಬರೆಯುವುದಿಲ್ಲ. ಬೇರೆ ಯಾವ ಆಸ್ಪತ್ರೆಗೆ ಹೋಗಿದ್ದರೂ ಹೀಗೇ ಆಗುತ್ತಿತ್ತೋ ಏನೋ. ಡ್ಯೂಟಿಯಲ್ಲಿ ಇದ್ದ ವೈದ್ಯರು ಚಿಕ್ಕ ವಯಸ್ಸಿನವರು. ಒಬ್ಬರೇ ಇದ್ದರು. ಒಂದು ಕಡೆ ಬೈಕಿನಿಂದ ಬಿದ್ದ ಹುಡುಗ, ಇನ್ನೊಂದು ಕಡೆ ಹಾವು ಕಚ್ಚಿದ ಹೆಂಗಸು. ನಾನು ಫೈಲು ಕೊಟ್ಟೆ. 'ಕಿಮೋ ಆಗಿದೆ ಸರ್, ಬಿಳಿ ಕಣ ನೋಡಬೇಕಂತೆ' ಅಂದೆ. 'ಕಿಮೋ ಆದ್ರೆ ಜ್ವರ ಬರುತ್ತಮ್ಮ. ಲ್ಯಾಬ್ ಬೆಳಿಗ್ಗೆ ಒಂಬತ್ತಕ್ಕೆ ತೆಗೆಯೋದು. ನಾಳೆ ಬೆಂಗಳೂರಿಗೇ ಕರ್ಕೊಂಡು ಹೋಗಿ' ಅಂದರು. ಸೊಂಟಕ್ಕೆ ಒಂದು ಇಂಜೆಕ್ಷನ್, ಪ್ಯಾರಾಸಿಟಮಾಲ್ ಮಾತ್ರೆ. ಜ್ವರ ಇಳಿಯಿತು. ನಮಗೂ ಸಮಾಧಾನ ಆಯಿತು. ಮನೆಗೆ ಬಂದೆವು.

ನಾನು ಹಟ ಮಾಡಬೇಕಿತ್ತು. ಇವತ್ತಿಗೂ ಅದು ನನ್ನನ್ನು ಬಿಟ್ಟಿಲ್ಲ.

ಬೆಳಗಿನ ಜಾವ ಅಮ್ಮ ಎಬ್ಬಿಸಿದರು. ಅಪ್ಪನ ಅಂಗೈ ತಣ್ಣಗಿತ್ತು. ಮಾತಾಡಿಸಿದರೆ ಬೇರೆ ಏನೋ ಹೇಳುತ್ತಿದ್ದರು, ಹಸುವಿಗೆ ನೀರು ಇಟ್ಟೆಯಾ ಅಂತ. ಹಸು ಮಾರಿ ಎರಡು ತಿಂಗಳಾಗಿತ್ತು. 108ಕ್ಕೆ ಫೋನ್ ಮಾಡಿದೆವು. ಆಂಬುಲೆನ್ಸ್ ಬಂತು, ಅದರಲ್ಲಿದ್ದ ಹುಡುಗ ಬಿ.ಪಿ. ನೋಡಿ ಏನೂ ಮಾತಾಡದೆ ಆಕ್ಸಿಜನ್ ಹಾಕಿದ. ತುಮಕೂರು ತಲುಪಿ, ಐಸಿಯುಗೆ ಸೇರಿಸಿ, ಮೊದಲ ಆ್ಯಂಟಿಬಯಾಟಿಕ್ ಬಾಟಲಿ ಹಾಕಿದಾಗ ಗಡಿಯಾರ ನೋಡಿದೆ. ಬೆಳಿಗ್ಗೆ 10.15. ಜ್ವರ ಕಂಡು ಹನ್ನೆರಡೂವರೆ ತಾಸು ಆಗಿತ್ತು. ಒಂದು ಗಂಟೆಯೊಳಗೆ ಸಿಗಬೇಕಾದದ್ದು. ರಕ್ತದ ರಿಪೋರ್ಟ್ ಬಂತು. ಆರೋಗ್ಯವಂತರಿಗೆ 4,000ಕ್ಕಿಂತ ಮೇಲಿರುವ ಬಿಳಿ ಕಣ ಅಪ್ಪನಿಗೆ 900 ಇತ್ತು.

ಅಪ್ಪ ಉಳಿದರು. ಆರು ದಿನ ಐಸಿಯು. ಮೂರನೇ ಕಿಮೋ ಎರಡು ವಾರ ತಡವಾಯಿತು. ಡೋಸ್ ಕಡಿಮೆ ಮಾಡಿದರು, ಬಿಳಿ ಕಣ ಏರಿಸುವ ಫಿಲ್‌ಗ್ರಾಸ್ಟಿಮ್ ಇಂಜೆಕ್ಷನ್ ಶುರು ಮಾಡಿದರು. ನಾಲ್ಕಕ್ಕೇ ನಿಲ್ಲಿಸಿದರು. ಆಮೇಲೆ ಒಂಬತ್ತು ತಿಂಗಳು ನಮ್ಮ ಜತೆ ಇದ್ದರು. ಕಡಲೆಕಾಯಿ ಕೀಳುವಾಗ ಹೊಲದ ಬದುವಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತು, ಆಳುಗಳಿಗೆ ಹೇಳಿಕೊಂಡೇ ಇದ್ದರು, ಬಳ್ಳಿ ಕೊಡವಿ ಹಾಕಿ, ಕಾಯಿ ಮಣ್ಣಲ್ಲೇ ಉಳೀತವೆ ಅಂತ.

ಅಧಿಕಾರಿಗಳೇ, ನಾನು ಹೇಳಬೇಕಾದ್ದು ಇಷ್ಟೇ. ಕಿಮೋದಿಂದ ಬರುವ ಲಾಭ ನೂರಕ್ಕೆ ಹತ್ತು ಜನರದ್ದು, ಎರಡನೇ ಔಷಧಿ ಸೇರಿಸಿದ್ದರಿಂದ ಬರುವುದು ನೂರಕ್ಕೆ ಐದು ಜನರದ್ದು. ಆ ರಕ್ತಕಣ ಇಳಿದ ವಾರವನ್ನು ದಾಟಿದವರಿಗೆ ಮಾತ್ರ ಆ ಲಾಭ. ಅಧ್ಯಯನಗಳಲ್ಲಿದ್ದ ರೋಗಿಗಳಿಗೆ ಜ್ವರ ಬಂದರೆ ನೋಡಲು ದೊಡ್ಡ ಆಸ್ಪತ್ರೆ ಇತ್ತು. ಪಾವಗಡದ ಮೂಲೆಯ ಹಳ್ಳಿಯವರಿಗೆ ಏನಿದೆ? ಅಲ್ಲಿಂದ ತುಮಕೂರೇ ಸುಮಾರು ನೂರು ಕಿ.ಮೀ. ಔಷಧಿ ಹೋಗುವುದು ಬೆಂಗಳೂರಿನಲ್ಲಿ, ಹಗಲಲ್ಲಿ, ತಜ್ಞರ ಕಣ್ಣೆದುರಿಗೆ. ಜ್ವರ ಬರುವುದು ಹಳ್ಳಿಯಲ್ಲಿ, ರಾತ್ರಿ.

2025ರ ಫೆಬ್ರವರಿಯ ಕೇಂದ್ರ ಬಜೆಟ್ಟಿನಲ್ಲಿ, ಮೂರು ವರ್ಷದೊಳಗೆ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಡೇ ಕೇರ್ ಕ್ಯಾನ್ಸರ್ ಕೇಂದ್ರ ಅಂತ ಹೇಳಿದರು, ಅದರಲ್ಲಿ 200 ಆ ವರ್ಷವೇ. ನಮ್ಮ ರಾಜ್ಯವೂ ಜಿಲ್ಲಾ ಆಸ್ಪತ್ರೆಗಳಲ್ಲಿ ಕಿಮೋ ಕೊಡುವ ಕೇಂದ್ರಗಳನ್ನು ಶುರು ಮಾಡಿದೆ. ತುಂಬಾ ಒಳ್ಳೆಯದು. ಕಿಮೋ ಹಾಕಿಸಿಕೊಂಡು ವಾಂತಿ ತಡೆದುಕೊಂಡು ನೂರು ಕಿ.ಮೀ. ಬಸ್ಸಿನಲ್ಲಿ ಬರುವ ಕಷ್ಟ ನೋಡಿದವಳು ನಾನು, ಇದಕ್ಕೆ ಮನಸಾರೆ ಕೈ ಮುಗಿಯುತ್ತೇನೆ. ಆದರೆ ಡೇ ಕೇರ್ ಅಂದರೆ ಸಂಜೆ ಬಾಗಿಲು ಹಾಕುವ ಜಾಗ. ಕಿಮೋ ಮನೆಗೆ ಹತ್ತಿರ ಬಂದಷ್ಟೂ, ಹತ್ತನೇ ದಿನದ ಜ್ವರಗಳು ನಿಮ್ಮ ತಾಲ್ಲೂಕು ಆಸ್ಪತ್ರೆಗಳ ಬಾಗಿಲಿಗೆ ಇನ್ನೂ ಜಾಸ್ತಿ ಬರುತ್ತವೆ. ಅದಕ್ಕೆ ಈಗಲೇ ತಯಾರಿ ಬೇಕು.

ತಯಾರಿ ಅಂದರೆ ಹೊಸ ಕಟ್ಟಡ ಕೇಳುತ್ತಿಲ್ಲ. ಪ್ರತಿ ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗದ ಗೋಡೆಗೆ ಒಂದು ಹಾಳೆ ಅಂಟಿಸಿ. ಕಿಮೋ ರೋಗಿಗೆ ಜ್ವರ ಅಂದರೆ ಸಾಲಿನಲ್ಲಿ ಕಾಯಿಸಬೇಡಿ, ರಕ್ತ ತೆಗೆಯಿರಿ, ರಿಪೋರ್ಟಿಗೆ ಕಾಯದೆ ಮೊದಲ ಡೋಸ್ ಆ್ಯಂಟಿಬಯಾಟಿಕ್ ಕೊಡಿ, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸಿ ಅಂತ ಅದರಲ್ಲಿರಲಿ. ಪಿಪರಾಸಿಲಿನ್-ಟಾಜೋಬ್ಯಾಕ್ಟಮ್ ಅಥವಾ ಸೆಫಿಪೈಮ್, ಯಾವುದು ಅಂತ ನಿಮ್ಮ ವೈದ್ಯರೇ ತೀರ್ಮಾನ ಮಾಡಲಿ. ಆದರೆ ನಾಲ್ಕು ವಯಲ್ ಆ ಕೋಣೆಯ ಬೀರುವಿನಲ್ಲೇ ಇರಲಿ. ಸ್ಟೋರಿನಲ್ಲಿ ಬೀಗ ಹಾಕಿಟ್ಟರೆ ರಾತ್ರಿ ಹತ್ತಕ್ಕೆ ಕೀಲಿ ಯಾರ ಹತ್ತಿರ ಇರುತ್ತದೆ? ರಕ್ತಕಣ ಎಣಿಸುವ ಮಷಿನ್ ಇರುವ ಕಡೆ ರಾತ್ರಿಯೂ ಅದನ್ನು ನಡೆಸುವವರು ಬೇಕು. ಟೆಕ್ನಿಷಿಯನ್ ಸಾಲದಿದ್ದರೆ ಫೋನ್ ಮಾಡಿದರೆ ಬರುವ ಹಾಗಾದರೂ ಪಾಳಿ ಹಾಕಿ. ಆ ಚಿಕ್ಕ ವಯಸ್ಸಿನ ವೈದ್ಯರ ಮೇಲೆ ನನಗೆ ಕೋಪ ಇಲ್ಲ. ಹಾವು ಕಚ್ಚಿದವರಿಗೆ ಏನು ಮಾಡಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು, ಔಷಧಿ ಕೈಗೆ ಸಿಗುವಲ್ಲೇ ಇತ್ತು. ಆ ಹೆಂಗಸು ಉಳಿದರು ಅಂತ ಆಮೇಲೆ ಕೇಳಿ ಸಂತೋಷ ಆಯಿತು. ಕಿಮೋ ಜ್ವರವೂ ಅದೇ ಥರ ಅವರಿಗೆ ಗೊತ್ತಿರಬೇಕಿತ್ತು, ಅಷ್ಟೇ.

ಇನ್ನೊಂದು ಮಾತು ನೋವಿನ ಬಗ್ಗೆ. ಕೊನೆಯ ತಿಂಗಳುಗಳಲ್ಲಿ ಅಪ್ಪನಿಗೆ ಮಾರ್ಫಿನ್ ಮಾತ್ರೆ ಬೇಕಾಯಿತು. ಪ್ರತಿ ಸಲವೂ ಅಣ್ಣ ಬೆಂಗಳೂರಿಗೇ ಹೋಗಿ ತಂದ. 2014ರಲ್ಲಿ ಕಾನೂನು ತಿದ್ದಿ ಮಾರ್ಫಿನ್ ಇಡುವುದನ್ನು ಸುಲಭ ಮಾಡಿದ್ದಾರೆ. ಜಿಲ್ಲೆಯೊಳಗೇ, ಮನೆಗೆ ಹತ್ತಿರ ಸಿಗುವ ಹಾಗೆ ಮಾಡಿ. ನೋವು ನೋಡಿಕೊಳ್ಳುವುದು ಸಾಯುವ ಹೊತ್ತಿನ ಕೆಲಸ ಅಂತ ಸುಮ್ನೆ ಮುಂದೂಡಬೇಡಿ. ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಲ್ಲೇ 2010ರಲ್ಲಿ ಒಂದು ಅಧ್ಯಯನ ಬಂತು. ಕಿಮೋ ಜತೆಗೆ ಮೊದಲಿನಿಂದಲೇ ಉಪಶಾಮಕ ಆರೈಕೆ, ಅಂದರೆ ನೋವು ಸಂಕಟ ಕಡಿಮೆ ಮಾಡುವ ಆರೈಕೆ, ಸಿಕ್ಕವರು ನೆಮ್ಮದಿಯಾಗಿದ್ದರು, ಜಾಸ್ತಿ ದಿನವೂ ಬದುಕಿದರು. ಇವರದ್ದು ಮಧ್ಯದ ಲೆಕ್ಕ (ಅರ್ಧ ಜನ ಅದಕ್ಕಿಂತ ಜಾಸ್ತಿ, ಅರ್ಧ ಜನ ಕಡಿಮೆ ಬದುಕಿದ ಲೆಕ್ಕ) 11.6 ತಿಂಗಳು, ಬರೀ ಮಾಮೂಲು ಚಿಕಿತ್ಸೆ ಪಡೆದವರದ್ದು 8.9 ತಿಂಗಳು.

ಇನ್ನು ನನ್ನ ಜಿಲ್ಲೆಯ ಅಕ್ಕ ತಂಗಿಯರಿಗೆ, ಅಣ್ಣ ತಮ್ಮಂದಿರಿಗೆ.

ಕಿಮೋ ಕೊಟ್ಟರೆ ಬೇಗ ಹೋಗಿಬಿಡುತ್ತಾರೆ ಅನ್ನುವ ಮಾತು ನಮ್ಮ ಕಡೆ ತುಂಬಾ ಇದೆ. ಆ ಮಾತು ಹುಟ್ಟಿದ್ದು ಹತ್ತನೇ ರಾತ್ರಿಗಳಿಂದಲೇ ಅಂತ ನನಗೆ ಅನ್ನಿಸುತ್ತದೆ. ಜ್ವರ ಬಂತು, ಯಾರೂ ನೋಡಲಿಲ್ಲ, ಹೋಗಿಬಿಟ್ಟರು, ಊರಿನವರು ಕಿಮೋ ಕೊಂದಿತು ಅಂದರು. ಹಾಗಾಗಿ ಕಿಮೋ ಶುರುವಾಗುವ ಮುಂಚೆಯೇ ಒಂದು ಥರ್ಮಾಮೀಟರ್ ತಂದಿಡಿ. ದಿನಕ್ಕೆ ಎರಡು ಸಲ ನೋಡಿ ಬರೆದಿಡಿ. ಮೈ ಬಿಸಿ ಅನ್ನಿಸಿದ ಕೂಡಲೇ ಡೋಲೊ ನುಂಗಿಸಬೇಡಿ, ಮೊದಲು ಅಳೆಯಿರಿ. ಮಾತ್ರೆ ಜ್ವರವನ್ನು ಮುಚ್ಚುತ್ತದೆ, ಸೋಂಕು ಒಳಗೇ ಇರುತ್ತದೆ. 100.4 ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ಆಸ್ಪತ್ರೆಯ ಬಾಗಿಲಲ್ಲೇ ಗಟ್ಟಿಯಾಗಿ ಹೇಳಿ, 'ಕಿಮೋ ಆಗಿ ಇಷ್ಟು ದಿನ ಆಗಿದೆ, ಜ್ವರ ಇಷ್ಟಿದೆ, ಬಿಳಿ ರಕ್ತಕಣ ನೋಡಿ' ಅಂತ. ನನ್ನ ಹಾಗೆ ಸುಮ್ಮನಾಗಬೇಡಿ. ನೋಡಲು ಬರುವ ನೆಂಟರಿಗೆ ನೆಗಡಿ ಕೆಮ್ಮು ಇದ್ದರೆ ಬೇಜಾರು ಮಾಡಿಕೊಳ್ಳದ ಹಾಗೆ ಹೇಳಿ, ಫೋನಿನಲ್ಲಿ ಮಾತಾಡಿಸಿ ಸಾಕು ಅಂತ.

ಬಯಾಪ್ಸಿ ರಿಪೋರ್ಟ್ ಬಂದಾಗ ಕ್ಯಾನ್ಸರ್ ಯಾವ ಜಾತಿಯದು ಅಂತ ತಪ್ಪದೆ ಕೇಳಿ. ಜಾತಿ ಬದಲಾದರೆ ಸೇರಿಸುವ ಔಷಧಿಯೂ ಬದಲಾಗುತ್ತದೆ. ಅಡಿನೊಕಾರ್ಸಿನೋಮ ಆದರೆ ಪೆಮೆಟ್ರೆಕ್ಸೆಡ್ ಚೆನ್ನಾಗಿ ಕೆಲಸ ಮಾಡುತ್ತದೆ, ನಮ್ಮ ಅಪ್ಪನಿಗಿದ್ದ ಜಾತಿಗೆ ಅಷ್ಟಾಗಿ ಮಾಡುವುದಿಲ್ಲ. ಇಜಿಎಫ್‌ಆರ್ ಅನ್ನುವ ಜೀನ್ ಬದಲಾವಣೆ ಇದ್ದರೆ ಮಾತ್ರೆಯಲ್ಲೇ ಚಿಕಿತ್ಸೆ ಇದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 350 ರೋಗಿಗಳಲ್ಲಿ ಆ ಮಾತ್ರೆಯ ಜತೆ ಎರಡು ಔಷಧಿಯ ಕಿಮೋ ಸೇರಿಸಿ ನೋಡಿದರು. ಬರೀ ಮಾತ್ರೆಯಲ್ಲಿ ಎಂಟು ತಿಂಗಳು ತಡೆದಿದ್ದ ಕಾಯಿಲೆ, ಸೇರಿಸಿ ಕೊಟ್ಟಾಗ ಹದಿನಾರು ತಿಂಗಳು ತಡೆಯಿತು. 2020ರಲ್ಲಿ ಇದು ಅಚ್ಚಾಯಿತು. ನಮ್ಮ ದೇಶದವರ ಮೇಲೆ, ನಮ್ಮ ದೇಶದಲ್ಲೇ ಮಾಡಿದ ಅಧ್ಯಯನ. ಅದರಲ್ಲೂ ಸೇರಿಸಿ ಕೊಟ್ಟವರಿಗೆ ಅಡ್ಡ ಪರಿಣಾಮ ಜಾಸ್ತಿಯೇ ಇತ್ತು. ಅಂದರೆ ಥರ್ಮಾಮೀಟರ್ ಅವರಿಗೂ ಬೇಕು.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬರೆಸಿಕೊಂಡೇ ಹೋಗಿ. ನಾವು ಮೊದಲ ಸಲ ಅದಿಲ್ಲದೆ ಹೋಗಿ ಒಂದು ದಿನ ಕಳೆದುಕೊಂಡೆವು.

ಅಧಿಕಾರಿಗಳೇ, ಕೊನೆಗೆ ಒಂದು ಚಿಕ್ಕ ಕೆಲಸ. ಜೇಬಿನಲ್ಲಿ ಇಟ್ಟುಕೊಳ್ಳುವಷ್ಟು ದೊಡ್ಡದೊಂದು ಕಾರ್ಡನ್ನು ನಾನೇ ಕನ್ನಡದಲ್ಲಿ ಟೈಪ್ ಮಾಡಿದ್ದೇನೆ. 'ನಾನು ಕಿಮೋ ರೋಗಿ. ನನಗೆ ಜ್ವರ ಇದೆ. ದಯವಿಟ್ಟು ನನ್ನನ್ನು ಕಾಯಿಸಬೇಡಿ' ಅಂತ ಶುರುವಾಗುತ್ತದೆ. ಹಿಂದುಗಡೆ ಕೊನೆಯ ಕಿಮೋ ತಾರೀಕು, ಔಷಧಿಯ ಹೆಸರು, ಚಿಕಿತ್ಸೆ ಕೊಡುವ ವೈದ್ಯರ ಫೋನ್ ನಂಬರ್ ಬರೆಯಲು ಜಾಗ. ಕ್ಯಾನ್ಸರ್ ವೈದ್ಯರೊಬ್ಬರಿಗೆ ತೋರಿಸಿ ತಿದ್ದಿಸಿದ್ದೇನೆ. ಇನ್ನೂರು ಪ್ರತಿ ಮಾಡಿಸಿದ್ದೇನೆ. ಆದರೆ ಒಬ್ಬ ಟೀಚರ್ ಬರೆದ ಕಾರ್ಡನ್ನು ರಾತ್ರಿ ಹತ್ತು ಗಂಟೆಗೆ ಯಾರು ನಂಬುತ್ತಾರೆ? ಅದರ ಮೇಲೆ ನಿಮ್ಮ ಸಹಿ, ಕಚೇರಿಯ ಮೊಹರು ಬೇಕು. ಬರುವ ಶನಿವಾರ ಬೆಳಗಿನ ತರಗತಿ ಮುಗಿಸಿಕೊಂಡು ತುಮಕೂರಿಗೆ ಬರುತ್ತೇನೆ. ಅದು ಎರಡನೇ ಶನಿವಾರವೂ ಅಲ್ಲ, ನಾಲ್ಕನೆಯದೂ ಅಲ್ಲ, ಕ್ಯಾಲೆಂಡರ್ ನೋಡಿಕೊಂಡಿದ್ದೇನೆ. ಕಾರ್ಡುಗಳ ಜತೆ ಅಪ್ಪನ ಪಾಸ್‌ಬುಕ್ಕನ್ನೂ ತರುತ್ತೇನೆ. ಆ ಸಾಲನ್ನು ನೀವೂ ಒಮ್ಮೆ ನೋಡಬೇಕು.

ಇಂತಿ,
ತುಮಕೂರು ಜಿಲ್ಲೆಯ ಒಬ್ಬ ಕನ್ನಡ ಟೀಚರ್